ಗಿರಾಕಿಯ ವಿಳಾಸ ಏಕೆ ಬರೆದಿಡಬೇಕು?

ಸೊಲ್ಲಾಪುರದಲ್ಲಿ ನಮ್ಮದು ಹಳೆಯ ತಾಮ್ರ-ಹಿತ್ತಾಳೆ ಸಾಮಾನುಗಳ ಪುಟ್ಟ ಅಂಗಡಿ. ಒಮ್ಮೆ ಅಜ್ಜನ ಕಾಲದ್ದೆಂದು ನಂಬಿ ಅಕ್ಕಲಕೋಟೆಯ ಗಿರಾಕಿಯೊಬ್ಬರಿಗೆ ತೂಗುದೀಪ ಮಾರಿದೆವು. ಅಂಥದೇ ಇನ್ನೊಂದು ಬಂದಾಗ ತಿರುವಿ ನೋಡಿದರೆ, ಕೈ ತಾಗುವ ಕಡೆ ಸವೆತವೇ ಇಲ್ಲ. ಆಮ್ಲ ಹಚ್ಚಿ ಕಪ್ಪಾಗಿಸಿದ ಹೊಸ ಮಾಲು!

ಕದ್ದ ಮಾಲು ಕೊಳ್ಳುವುದು, ತೂಕದಲ್ಲಿ ಮೋಸ, ನಕಲಿಯನ್ನು ಅಸಲಿಯೆಂದು ಮಾರುವುದು, ಇವೆಲ್ಲ ಅಚೌರ್ಯ ವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ನೂರು ವರ್ಷ ದಾಟಿದ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆಂದು 1972ರ ಕಾಯಿದೆಯೂ ಹೇಳುತ್ತದೆ. ಮೂಲ ತಿಳಿಯದ ಜಿನಬಿಂಬ ಬಂದರೆ ನಾವು ಕೊಳ್ಳುವುದಿಲ್ಲ, ಯಾವ ಬಸದಿಯದೋ!

ಪ್ರತಿವರ್ಷ ಕ್ಷಮಾವಣಿಗೆ ಗಿರಾಕಿಗಳಿಗೆಲ್ಲ ಕಾರ್ಡು ಬರೆಯುವುದು ನಮ್ಮ ರೂಢಿ. ಆ ಸಲ ಅವರಿಗೆ ದೀಪದ ಸಂಗತಿ ತಿಳಿಸಿ, ಹಣ ಮರಳಿಸುತ್ತೇವೆಂದು ಬರೆದೆವು. ಅವರು ಬಂದು ದೀಪ ಒಪ್ಪಿಸಿ, ಹಣ ಎಣಿಸಿಕೊಂಡು ಹೋದರು. ಎರಡು ವರ್ಷ ಈ ಕಡೆ ಸುಳಿಯಲಿಲ್ಲ. ನಾವು ಕಾರ್ಡು ನಿಲ್ಲಿಸಲಿಲ್ಲ. ಮೂರನೆಯ ವರ್ಷ ಮಗಳ ಮದುವೆಗೆಂದು ತಾಮ್ರದ ಹಂಡೆ ಹುಡುಕುತ್ತ ಬಂದರು. "ನೀವ ಆರಿಸಿ ಕೊಡ್ರಿ" ಎಂದರು.

ವ್ಯಾಪಾರಿ ಬಂಧುಗಳೇ, ಗಿರಾಕಿಯ ವಿಳಾಸ ಬರೆದಿಡಿರಿ. ಮಾಲು ಮಾರಲಿಕ್ಕಷ್ಟೇ ಅಲ್ಲ, ತಪ್ಪೊಪ್ಪಿಕೊಳ್ಳಲಿಕ್ಕೂ ಅದು ಬೇಕಾಗುತ್ತದೆ.