ಒಂದೇ ಕಡತಕ್ಕೆ ಸೇರದ ಕಾದಂಬರಿಗಳು

ಮೂವತ್ತೈದು ವರ್ಷಗಳ ಹಿಂದೆ ನಾನು ಮಲೆನಾಡಿನ ತಾಲ್ಲೂಕೊಂದರಲ್ಲಿ ತಹಶೀಲ್ದಾರನಾಗಿದ್ದೆ. ಏಲಕ್ಕಿ ಬೆಳೆ ಕೈಕೊಟ್ಟು ಸಾಲಕ್ಕೆ ಸಿಲುಕಿದ್ದ ರೈತರೊಬ್ಬರು ಅರ್ಜಿ ಸಲ್ಲಿಸಿದರು. ಅದರಲ್ಲಿ ಗಿಡದ ರೋಗವಿತ್ತು, ನೆರಳಿನ ಮರಗಳ ತಕರಾರಿತ್ತು, ಸಾಲದ ಬಡ್ಡಿಯಿತ್ತು. ವಿಷಯ ನಮ್ಮದಲ್ಲವೆಂದು ಷರಾ ಬರೆದು ಬೇರೆಡೆಗೆ ಕಳುಹಿಸಿದೆ. ಕಚೇರಿಯಿಂದ ಕಚೇರಿಗೆ ಅಲೆದು ಎಂಟು ತಿಂಗಳ ನಂತರ ಅರ್ಜಿ ನನ್ನ ಮೇಜಿಗೇ ಮರಳಿದಾಗ ಆ ರೈತರು ತೋಟ ಮಾರಿ ಊರು ಬಿಟ್ಟಿದ್ದರು. ನಿಯಮದ ದೃಷ್ಟಿಯಿಂದ ನನ್ನದು ತಪ್ಪಾಗಿರಲಿಲ್ಲ.

ಅದೇ ಮಳೆಗಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಓದಿದೆ. ಏಲಕ್ಕಿ ಇಳುವರಿ ಏಕೆ ಕುಸಿಯುತ್ತಿದೆ ಎಂಬುದನ್ನು ಪತ್ತೆಹಚ್ಚಲು ಗುಪ್ತಚರ ಅಧಿಕಾರಿಯೊಬ್ಬ ಕೆಸರೂರಿಗೆ ಬರುತ್ತಾನೆ. ಇದು ಪತ್ತೇದಾರಿ ಕಥೆಯೇ, ಪರಿಸರದ ಕಥೆಯೇ, ಪ್ರೇಮಕಥೆಯೇ, ರಾಜಕೀಯ ವಿಡಂಬನೆಯೇ? ಎಲ್ಲವೂ ಹೌದು. ‘ಉಳಿದೆಲ್ಲ ಅಂಶಗಳೂ ಬದಲಾಗದಿದ್ದರೆ’ ಎಂಬ ಷರತ್ತಿನೊಡನೆ ಬೆಲೆಯ ಏರಿಳಿತ ಕಲಿತ ಅರ್ಥಶಾಸ್ತ್ರದ ವಿದ್ಯಾರ್ಥಿ ನಾನು. ಕೆಸರೂರಿನಲ್ಲಿ ಉಳಿದ ಯಾವುದೂ ಸುಮ್ಮನಿರುವುದಿಲ್ಲ. ಬೆಳೆ, ಕಾಡು, ಜಾತಿ, ಮತ ಒಂದನ್ನೊಂದು ಎಳೆಯುತ್ತಲೇ ಇರುತ್ತವೆ. ನನ್ನ ಕಡತದಲ್ಲಿ ಬಿಡಿಬಿಡಿಯಾಗಿದ್ದ ಬದುಕು ಅಲ್ಲಿ ಇಡಿಯಾಗಿತ್ತು.

ಅವರದೇ ‘ಕರ್ವಾಲೊ’ (1980) ಜೇನುಸಾಕಣೆಯಿಂದ ಹೊರಟು ಹಾರುವ ಓತಿಯ ಶೋಧಕ್ಕೆ ಸಾಗುತ್ತದೆ. ಹಳ್ಳಿಯ ಹಾಸ್ಯವೂ ಜೀವವಿಕಾಸದ ವಿಸ್ಮಯವೂ ಅಲ್ಲಿ ಜೊತೆಜೊತೆಗೆ ನಡೆಯುತ್ತವೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅಲ್ಲಿ ದಲಿತರ ಕಟುವಾಸ್ತವದ ನಡುವೆಯೇ ದೀಪದ ಜೋತಮ್ಮಗಳು ಇರುಳಲ್ಲಿ ಸೇರಿ ಮಾತಾಡುತ್ತವೆ. ಗದ್ಯವೆಂದು ಅಚ್ಚಾದ ಈ ಕೃತಿಯನ್ನು ವಿದ್ವಾಂಸ ಎಲ್. ಬಸವರಾಜು ಅವರು ಕಾವ್ಯದ ಸಾಲುಗಳಾಗಿ ಬಿಡಿಸಿ ತೋರಿಸಿದರು. ನಂಜನಗೂಡು ಸೀಮೆಯ ಆಡುಮಾತು ಮೊದಲ ಪುಟಗಳಲ್ಲಿ ತೊಡಕೆನಿಸಿದರೆ ಗಟ್ಟಿಯಾಗಿ ಓದಿಕೊಳ್ಳಿ. ದಾರಿ ತಾನಾಗಿ ತೆರೆಯುತ್ತದೆ.

ಪ್ರಕಾರಗಳನ್ನು ಬೆರೆಸಿದ ಮಾತ್ರಕ್ಕೆ ಕೃತಿ ದೊಡ್ಡದಾಗದು. ಕಲಸುಮೇಲೋಗರವಾದ ಕಾದಂಬರಿಗಳೂ ಸಾಕಷ್ಟಿವೆ. ಹೇಳಬೇಕಾದ ಬದುಕೇ ಗಡಿ ಮೀರಿದಾಗ ಮಾತ್ರ ಬೆರಕೆಗೆ ಅರ್ಥ. ಈ ಮೂರೂ ಆ ಪರೀಕ್ಷೆಯಲ್ಲಿ ಗೆದ್ದಿವೆ.

ಸೇವೆಗೆ ಸೇರುವ ತರುಣರು ಸಲಹೆ ಕೇಳಿದಾಗ ನಾನು ನಿಯಮಾವಳಿಯ ಜೊತೆಗೆ ‘ಚಿದಂಬರ ರಹಸ್ಯ’ವನ್ನೂ ಓದಲು ಹೇಳುತ್ತೇನೆ. ಅರ್ಜಿ ಯಾವ ಇಲಾಖೆಗೆ ಸೇರಿದ್ದೆಂದು ಕೇಳುವ ಮೊದಲು ಅದನ್ನು ಪೂರ್ತಿ ಓದಬೇಕೆಂಬುದನ್ನು ನಾನು ತಡವಾಗಿ ಕಲಿತೆ. ಅವರು ತಡಮಾಡುವುದು ಬೇಡ.