ಮೂಳೆ ಕಟ್ಟುವ ಕೋಶ, ರಕ್ತ ಹುಟ್ಟಿಸುವ ಕೋಶ

1983ರ ಮಾರ್ಚ್‌ನಲ್ಲಿ ಮುಂಬೈಯ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ಮತ್ತು ಸಂಗಡಿಗರು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಬಾಲಕಿಗೆ ಅವಳ ಸಹೋದರನ ಅಸ್ಥಿಮಜ್ಜೆಯನ್ನು ಕಸಿ ಮಾಡಿದರು. ಇನ್ನೊಬ್ಬರ ಮಜ್ಜೆಯ ಕಸಿ ಭಾರತದಲ್ಲಿ ಯಶಸ್ವಿಯಾದದ್ದು ಅದೇ ಮೊದಲು. ಮೂಳೆ ಕೊರೆದು ಮಜ್ಜೆ ತುಂಬುತ್ತಾರೆಂದು ಈಗಲೂ ಅನೇಕರು ತಿಳಿದಿದ್ದಾರೆ. ಹಾಗಲ್ಲ. ದಾನಿಯ ಸೊಂಟದ ಮೂಳೆಯಿಂದ ತೆಗೆದದ್ದನ್ನು ರಕ್ತ ಏರಿಸುವ ಹಾಗೆಯೇ ರೋಗಿಯ ರಕ್ತನಾಳಕ್ಕೆ ಹರಿಸುತ್ತಾರೆ. ಅದರಲ್ಲಿರುವ ಆಕರಕೋಶಗಳು, ಅಂದರೆ ರಕ್ತ ಹುಟ್ಟಿಸುವ ಮೂಲಕೋಶಗಳು, ಮೈಯೆಲ್ಲ ಸುತ್ತಿ ತಾವಾಗಿಯೇ ಮೂಳೆಯೊಳಗೆ ನೆಲೆಯೂರುತ್ತವೆ. ಕೆಲವೇ ವಾರಗಳಲ್ಲಿ ಹೊಸ ರಕ್ತ ಹುಟ್ಟತೊಡಗುತ್ತದೆ.

ಅವು ಮೂಳೆಯನ್ನೇ ಹುಡುಕಿಕೊಂಡು ಹೋಗುವುದೇಕೆ? ಆಕರಕೋಶಕ್ಕೆ ಅದರ ಗುಣ ಉಳಿಯಬೇಕಾದರೆ ಮಜ್ಜೆಯಲ್ಲಿ ಗೊತ್ತಾದ ಒಂದು ನೆಲೆ ಬೇಕು ಎಂದು ಬ್ರಿಟನ್ನಿನ ರೇ ಸ್ಕೋಫೀಲ್ಡ್ 1978ರಲ್ಲೇ ವಾದಿಸಿದ್ದರು. ಆ ನೆಲೆಯನ್ನು ಕಟ್ಟುವವರು ಯಾರೆಂಬುದಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು 2003ರಲ್ಲಿ. ಅಮೆರಿಕದ ಎರಡು ತಂಡಗಳು ಇಲಿಗಳಲ್ಲಿ ಆಸ್ಟಿಯೋಬ್ಲಾಸ್ಟ್‌ಗಳನ್ನು, ಅಂದರೆ ಮೂಳೆ ಕಟ್ಟುವ ಕೋಶಗಳನ್ನು, ಹೆಚ್ಚಿಸಿದವು. ರಕ್ತದ ಆಕರಕೋಶಗಳೂ ಹೆಚ್ಚಿದವು! ದೇಹದ ಬರೀ ಆಸರೆಗಂಬವೆಂದು ನಾವು ಶಾಲೆಯಲ್ಲಿ ಕಲಿತ ಮೂಳೆಗೆ ರಕ್ತದ ಹುಟ್ಟಿನಲ್ಲೂ ಕೈಯಿದೆ ಎಂಬುದು ನನಗೆ ಇಂದಿಗೂ ಬೆರಗು.

ಮುಂದಿನ ಸಂಶೋಧನೆ ಈ ಚಿತ್ರವನ್ನು ತಿದ್ದಿತು. ಹೆಚ್ಚಿನ ಆಕರಕೋಶಗಳು ಇರುವುದು ಮಜ್ಜೆಯ ಕಿರುರಕ್ತನಾಳಗಳ ಪಕ್ಕದಲ್ಲಿ. ಅವುಗಳನ್ನು ಹಿಡಿದಿಡುವ ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಮುಖ್ಯವಾಗಿ ಸ್ರವಿಸುವವು ಆ ನಾಳಗಳನ್ನು ಸುತ್ತುವರಿದ ಕೋಶಗಳು. ಮುಂದೆ ಮೂಳೆ ಕಟ್ಟುವ ಕೋಶಗಳಾಗಬಲ್ಲ ಎಳೆಯ ಕೋಶಗಳೂ ಅವುಗಳ ನಡುವೆಯೇ ಇವೆ. ಬಲಿತ ಆಸ್ಟಿಯೋಬ್ಲಾಸ್ಟ್‌ಗಳ ಆರೈಕೆ ಹೆಚ್ಚಾಗಿ ಸಲ್ಲುವುದು ಬಿಳಿರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್‌ಗಳ ಪೂರ್ವಜ ಕೋಶಗಳಿಗೆ. 2003ರ ಫಲಿತಾಂಶ ಸುಳ್ಳಾಗಲಿಲ್ಲ. ಮೂಳೆಯ ಪ್ರಭಾವ ನಾವೆಣಿಸಿದಷ್ಟು ನೇರವಲ್ಲ ಎಂದಾಯಿತು, ಅಷ್ಟೆ.

ಮೂಳೆಗೂ ಆಕರಕೋಶಗಳಿಗೂ ಇರುವ ಈ ನಂಟಿನ ಉಪಯೋಗವನ್ನು ಕಸಿ ಘಟಕಗಳಲ್ಲಿ ಪ್ರತಿದಿನವೂ ಕಾಣಬಹುದು. ಇಂದು ಬಹಳಷ್ಟು ದಾನಿಗಳ ಸೊಂಟಕ್ಕೆ ಸೂಜಿ ಚುಚ್ಚುವುದೇ ಇಲ್ಲ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಔಷಧದ ಚುಚ್ಚುಮದ್ದು ಕೊಡುತ್ತಾರೆ. ಅದು ಮೂಳೆ ಕಟ್ಟುವ ಕೋಶಗಳನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ, ಸಿಎಕ್ಸ್‌ಸಿಎಲ್12 ಇಳಿಯುತ್ತದೆ, ಹಿಡಿತ ಸಡಿಲಗೊಂಡ ಆಕರಕೋಶಗಳು ರಕ್ತಕ್ಕೆ ಬರುತ್ತವೆ. ತೋಳಿನಿಂದ ಹರಿದ ರಕ್ತದಲ್ಲಿ ಅವನ್ನು ಯಂತ್ರ ಸೋಸಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತದೆ. ಆ ದಿನಗಳಲ್ಲಿ ದಾನಿಗೆ ಮೂಳೆ ನೋಯುವುದು ಸಾಮಾನ್ಯ. ಚುಚ್ಚುಮದ್ದು ನಿಂತ ಕೆಲವೇ ದಿನಗಳಲ್ಲಿ ನೋವೂ ಹೋಗುತ್ತದೆ. ದಾನಕ್ಕೆ ಮುಂದಾದವರ ಮನೆಯವರು ಇದನ್ನು ಮೊದಲೇ ತಿಳಿದಿರಲಿ.