ಕಣ್ಣಿಗೆ ಕಾಣದಷ್ಟು ದೊಡ್ಡದು

ಕ್ಯಾಲಿಫೋರ್ನಿಯಾದ ಪೂರ್ವ ಅಂಚಿನಲ್ಲಿ, ಸಿಯೆರಾ ನೆವಾಡಾ ಪರ್ವತಸಾಲಿನ ಆಚೆ ಮಗ್ಗುಲಿಗೆ, ಮ್ಯಾಮತ್ ಲೇಕ್ಸ್ ಎಂಬ ಪುಟ್ಟ ಊರಿದೆ. ಬೇ ಏರಿಯಾದ ಕನ್ನಡಿಗರು ಬೇಸಿಗೆಯಲ್ಲಿ ಮಕ್ಕಳನ್ನೂ ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ಹೋಗುವ ಜಾಗಗಳಲ್ಲಿ ಇದೂ ಒಂದು. ಇಲ್ಲಿ ಬೆಟ್ಟ, ಕೆರೆ, ಬಿಸಿನೀರ ಬುಗ್ಗೆ ಎಲ್ಲವೂ ಕಾಲಳತೆಯಲ್ಲಿವೆ. ಹಾರ್ಸ್‌ಶೂ ಕೆರೆಯಿಂದ ಮೆಕ್‌ಲೌಡ್ ಕೆರೆಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಕಾನ್ವಿಕ್ಟ್ ಕೆರೆಗೆ ಒಂದು ಸುತ್ತು ಬಂದರೆ ನಾಲ್ಕೈದು ಕಿಲೋಮೀಟರ್, ಏರು ಇಲ್ಲವೆನ್ನುವಷ್ಟು ಕಡಿಮೆ. ಇನ್ಯೋ ಕ್ರೇಟರ್ಸ್‌ಗೆ ಕಾರು ನಿಲ್ಲಿಸಿದ ಜಾಗದಿಂದ ಅರ್ಧ ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ಇವುಗಳಲ್ಲಿ ಎರಡನ್ನು ಆರಾಮವಾಗಿ ಮುಗಿಸಬಹುದು. ಕಾಲಿಗೆ ಇದು ಹಗುರ ಕೆಲಸ. ಕಾಲ ಕೆಳಗಿನ ನೆಲದ ಲೆಕ್ಕಕ್ಕೆ ಕೂತರೆ ಮಾತ್ರ ತಲೆ ತಿರುಗುತ್ತದೆ.

ಊರಿನ ಪಕ್ಕದಲ್ಲೇ ಹಾದುಹೋಗುವ 395ನೇ ಹೆದ್ದಾರಿಯಲ್ಲಿ ಕಾರು ಓಡಿಸುವವರು ಒಂದು ಜ್ವಾಲಾಮುಖಿಯ ಬಾಯೊಳಗೆ ಇಳಿದು, ಅದನ್ನು ದಾಟಿ, ಆಚೆ ದಡ ಹತ್ತುತ್ತಾರೆ. ಬಹುಪಾಲು ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಇದರ ಹೆಸರು ಲಾಂಗ್ ವ್ಯಾಲಿ ಕ್ಯಾಲ್ಡೆರಾ. ಪೂರ್ವ ಪಶ್ಚಿಮವಾಗಿ 32 ಕಿಲೋಮೀಟರ್, ಉತ್ತರ ದಕ್ಷಿಣವಾಗಿ 17 ಕಿಲೋಮೀಟರ್. ಜ್ವಾಲಾಮುಖಿ ಎಂದರೆ ನಾವು ಶಂಕುವಿನಾಕಾರದ ಬೆಟ್ಟ ಹುಡುಕುತ್ತೇವೆ. ಇಲ್ಲಿ ಬೆಟ್ಟವಿಲ್ಲ, ಬಯಲಿದೆ. ದಕ್ಷಿಣಕ್ಕೆ ಕಾಣುವ ಸಿಯೆರಾದ ಗೋಡೆ ಬಾಯಿಯ ಒಂದು ಅಂಚು, ದೂರದಲ್ಲಿ ಈಶಾನ್ಯಕ್ಕೆ ಕಾಣುವ ಗ್ಲಾಸ್ ಮೌಂಟನ್ ಇನ್ನೊಂದು ಅಂಚು. ನಡುವೆ ದನ ಮೇಯುತ್ತವೆ, ವಿಮಾನ ಇಳಿಯುತ್ತದೆ.

ಸುಮಾರು 7,60,000 ವರ್ಷಗಳ ಹಿಂದೆ ಇಲ್ಲಿ ಭೂಮಿ ಸಿಡಿದು 600 ಘನ ಕಿಲೋಮೀಟರಿನಷ್ಟು ಶಿಲಾಪಾಕ ಹೊರಬಿತ್ತು. ಈ ಅಂಕಿ ನಮಗೆ ಹಾಗೆಯೇ ಅರ್ಥವಾಗುವಂಥದ್ದಲ್ಲ. ನಮಗೆ ಗೊತ್ತಿರುವ ಅಳತೆ ಟಿಎಂಸಿ. 600 ಘನ ಕಿಲೋಮೀಟರ್ ಎಂದರೆ 21,000 ಟಿಎಂಸಿಗೂ ಹೆಚ್ಚು. ಕನ್ನಂಬಾಡಿ ಕಟ್ಟೆಯ ಸಾಮರ್ಥ್ಯ 49 ಟಿಎಂಸಿ ಚಿಲ್ಲರೆ. ಅಂಥ ಸುಮಾರು 430 ಕಟ್ಟೆಗಳು ತುಂಬುವಷ್ಟು ಕೆಂಡದ ಪಾಕ. ಕೆಲವೇ ದಿನಗಳಲ್ಲಿ ಎಲ್ಲ ಮುಗಿದಿತ್ತು ಎನ್ನುವ ಭೂವಿಜ್ಞಾನಿಗಳಿದ್ದಾರೆ. ಒಂದು ವಾರ ಎಂದೇ ಹಿಡಿಯೋಣ. ಆಗಲೂ ಗಂಟೆಗೆ ಎರಡೂವರೆ ಕನ್ನಂಬಾಡಿ! ಮುಂಗಾರು ಪೂರ್ತಿ ಕಾದು, ಕಟ್ಟೆ ತುಂಬಿದ ದಿನ ಪತ್ರಿಕೆಯ ಮುಖಪುಟದಲ್ಲಿ ಚಿತ್ರ ನೋಡಿ ಹಿಗ್ಗುವ ನಾವು ಈ ವೇಗವನ್ನು ಊಹಿಸಿಕೊಳ್ಳಲು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಬೂದಿ ಗಾಳಿಯಲ್ಲಿ ತೇಲಿ ಪೂರ್ವದ ನೆಬ್ರಾಸ್ಕಾದವರೆಗೂ ಹೋಗಿ ಬಿದ್ದಿದೆ. ಒಳಗಿನದು ಖಾಲಿಯಾಗುತ್ತಿದ್ದಂತೆ ಮೇಲಿನ ನೆಲ ಆಸರೆ ತಪ್ಪಿ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ ಕುಸಿಯಿತು. ಕುಸಿದ ಹಳ್ಳವನ್ನು ಅದೇ ಬೂದಿ ಬಹುಮಟ್ಟಿಗೆ ತುಂಬಿತು, ಆಮೇಲೆ ಅಲ್ಲೊಂದು ಸರೋವರ ನಿಂತು ಹೂಳು ಹಾಸಿತು. ಇಂದು ಹಾಟ್ ಕ್ರೀಕ್ ಎಂಬ ತೊರೆಯ ಸುತ್ತ ನೆಲ ನಡೆಯಲು ಇಷ್ಟು ಸಲೀಸಾಗಿರುವುದು ಅದರಿಂದಲೇ.

ಹಾಟ್ ಕ್ರೀಕಿಗೆ ಇಳಿಯುವ ದಾರಿ ಕೆಲವೇ ನೂರು ಮೀಟರ್. ಕೆಳಗೆ ಹಿಮ ಕರಗಿದ ತಣ್ಣನೆಯ ತೊರೆ, ಅದರ ಪಕ್ಕದಲ್ಲೇ ನೀಲಿ ಗುಂಡಿಗಳಲ್ಲಿ ಕುದಿಯುವ ನೀರು. ಈ ಎತ್ತರದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ಪಶ್ಚಿಮದ ಬೆಟ್ಟಗಳ ಹಿಮ ಕರಗಿ ನೆಲದಾಳಕ್ಕೆ ಇಂಗಿ, ಅಲ್ಲಿ 220 ಡಿಗ್ರಿವರೆಗೂ ಕಾದು, ಪೂರ್ವಕ್ಕೆ ಹರಿಯುತ್ತ ಹರಿಯುತ್ತ ಆರಿಕೊಂಡು ಇಲ್ಲಿ ಮೇಲೆ ಬರುತ್ತದೆ. ಈ ಕಣಿವೆಯ ಬುಗ್ಗೆಗಳಿಂದ ಹೊರಡುವುದು ಸೆಕೆಂಡಿಗೆ ಸುಮಾರು 250 ಲೀಟರ್. ದಿನಕ್ಕೆ ಎರಡು ಕೋಟಿ ಲೀಟರ್ ದಾಟುತ್ತದೆ. ಒಲೆ ಹಚ್ಚುವವರಿಲ್ಲ, ಆರಿಸುವವರೂ ಇಲ್ಲ. ಮೊದಲು ಜನ ಇಲ್ಲಿ ಈಜುತ್ತಿದ್ದರು. 2006ರಲ್ಲಿ ಬುಗ್ಗೆಗಳು ಇದ್ದಕ್ಕಿದ್ದಂತೆ ಚಿಮ್ಮತೊಡಗಿದ ಮೇಲೆ ನೀರಿಗಿಳಿಯುವುದನ್ನು ನಿಷೇಧಿಸಲಾಯಿತು. ಅದು ಸರಿಯಾದ ನಿರ್ಧಾರ. ನಿಂತು ನೋಡಿದರೆ ಸಾಲದೇ?

ಈ ನೀರಿನ ಮುಂದಿನ ಪಯಣ ಇನ್ನೂ ಉದ್ದ. ತೊರೆ ಸೇರಿ ಕ್ರೌಲಿ ಜಲಾಶಯಕ್ಕೆ, ಅಲ್ಲಿಂದ ಕಾಲುವೆ ಕೊಳವೆಗಳಲ್ಲಿ ನೂರಾರು ಕಿಲೋಮೀಟರ್ ಸಾಗಿ ಲಾಸ್ ಏಂಜಲೀಸಿನ ನಲ್ಲಿಗೆ. ಬಿಸಿನೀರು ಕಲ್ಲಿನಿಂದ ಕರಗಿಸಿ ತರುವ ಆರ್ಸೆನಿಕ್ಕನ್ನೂ ಆ ನಗರ ತೆಗೆದು ಶುದ್ಧಮಾಡಿಕೊಳ್ಳಬೇಕಾಗುತ್ತದೆ. 1941ರಲ್ಲಿ ಆ ಜಲಾಶಯ ತುಂಬಿದ ಮೇಲೆ ಅಲೆಗಳು ಪೂರ್ವದಡದ ಮೆತ್ತನೆಯ ಬೂದಿಕಲ್ಲನ್ನು ಕೊರೆದವು. ಒಳಗಿನಿಂದ ಸಾಲು ಸಾಲು ಕಂಬಗಳು ಹೊರಬಂದವು. ಮಹಾಸ್ಫೋಟದ ಬೂದಿ ಇನ್ನೂ ಸುಡುತ್ತಿದ್ದಾಗ ಹಿಮದ ನೀರು ಕೆಳಗಿಳಿದು, ಹಬೆಯಾಗಿ ಮೇಲೆದ್ದು, ಆ ಹಾದಿಗಳಲ್ಲಿ ಖನಿಜ ಕಟ್ಟಿ ಗಟ್ಟಿಯಾದವು ಇವು. ಸಂಶೋಧಕರು ಎಣಿಸಿದಾಗ ಸುಮಾರು 5,000 ಸಿಕ್ಕವು.

ಹಾರ್ಸ್‌ಶೂ ಕೆರೆಯ ಕಥೆ ಬೇರೆ. ಕಾರು ನಿಲ್ಲಿಸುವ ಜಾಗವೇ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತ ಮುಕ್ಕಾಲು ಕಿಲೋಮೀಟರ್ ಮೇಲೆ. ಹಿರಿಯರು ನಿಧಾನಕ್ಕೆ ಹೆಜ್ಜೆ ಹಾಕಬೇಕು, ನೀರು ಕುಡಿಯುತ್ತಿರಬೇಕು. ಮೆಕ್‌ಲೌಡ್ ಕೆರೆಯ ದಾರಿ ಶುರುವಾಗುವುದು ಸತ್ತು ನಿಂತ ಮರಗಳ ನಡುವೆ. ಕಾರಣ ಬೆಂಕಿಯೂ ಅಲ್ಲ, ಬರವೂ ಅಲ್ಲ. 1989ರಲ್ಲಿ ಪಕ್ಕದ ಮ್ಯಾಮತ್ ಬೆಟ್ಟದ ಕೆಳಗೆ ತಿಂಗಳುಗಟ್ಟಲೆ ಸಣ್ಣ ಸಣ್ಣ ಕಂಪನಗಳಾದವು. ಮರುವರ್ಷದಿಂದ ಮರಗಳು ಒಣಗತೊಡಗಿದವು. ಆಳದ ಶಿಲಾಪಾಕದಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಬಿರುಕುಗಳಲ್ಲಿ ಮೇಲೇರಿ ಮಣ್ಣು ಸೇರಿ, ಬೇರುಗಳಿಗೆ ಉಸಿರಿಲ್ಲದಂತೆ ಮಾಡಿತ್ತು. ಸಾಮಾನ್ಯ ಕಾಡಿನ ಮಣ್ಣಿನಲ್ಲಿರುವ ಅನಿಲದಲ್ಲಿ ಇದರ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಇಲ್ಲಿ 20ರಿಂದ 90ರವರೆಗೂ ಇತ್ತು. ಸತ್ತ ಕಾಡು 100 ಎಕರೆಗೂ ಹೆಚ್ಚು. 2000ದ ಹೊತ್ತಿಗೂ ಬೆಟ್ಟ ದಿನಕ್ಕೆ 300 ಟನ್ನಿನಷ್ಟು ಅನಿಲ ಬಿಡುತ್ತಿತ್ತು. ಗಾಳಿಗಿಂತ ಭಾರವಾದ ಈ ಅನಿಲ ತಗ್ಗುಗಳಲ್ಲಿ, ಹಿಮದ ಗುಂಡಿಗಳಲ್ಲಿ ಮಡುಗಟ್ಟುತ್ತದೆ. ಅಲ್ಲಿ ಮಕ್ಕಳನ್ನು ಮಲಗಿಸಬೇಡಿ, ಹಳ್ಳ ತೋಡಬೇಡಿ ಎಂಬ ಎಚ್ಚರಿಕೆಯನ್ನು ದಯವಿಟ್ಟು ಅಕ್ಷರಶಃ ಪಾಲಿಸಿ. ಆ ಕಾಡು ದಾಟಿ ಒಂದು ಕಿಲೋಮೀಟರ್ ಹತ್ತಿದರೆ ಮೆಕ್‌ಲೌಡ್ ಕೆರೆ. ಸುತ್ತ ಹಸಿರು ಮರ, ಕೆಳಗೆ ತಿಳಿನೀರು. ಕಾಲ್ನಡಿಗೆಯ ಅರ್ಧ ಗಂಟೆಗೆ ಇಷ್ಟು ದೊಡ್ಡ ಅಂತರ ಬೇರೆಲ್ಲಿ ಸಿಗುತ್ತದೋ!

ಇನ್ಯೋ ಕ್ರೇಟರ್ಸ್ ಎಳೆಯ ಗುಂಡಿಗಳು. ಕೆಳಗಿನ ಶಿಲಾಪಾಕ ಅಂತರ್ಜಲಕ್ಕೆ ಬಿಸಿ ಮುಟ್ಟಿಸಿ, ಹಬೆಯ ಒತ್ತಡಕ್ಕೆ ನೆಲ ಹಾರಿಹೋಗಿ ಆದವು. ಕಾಲ ಸುಮಾರು ಆರೂವರೆ ಶತಮಾನದ ಹಿಂದೆ, ಅಂದರೆ ತುಂಗಭದ್ರೆಯ ದಡದಲ್ಲಿ ವಿಜಯನಗರ ಕಣ್ಣುಬಿಡುತ್ತಿದ್ದ ಹೊತ್ತು. ಅರವತ್ತು ಮೀಟರ್ ಆಳದ ಗುಂಡಿಯ ತಳದಲ್ಲಿ ಈಗ ಪುಟ್ಟ ಕೊಳ.

ಊರಿನ ಪಶ್ಚಿಮಕ್ಕೆ, ಬೆಟ್ಟದ ಆಚೆ ಇಳಿದರೆ ಡೆವಿಲ್ಸ್ ಪೋಸ್ಟ್‌ಪೈಲ್. 1911ರಿಂದ ರಾಷ್ಟ್ರೀಯ ಸ್ಮಾರಕ. ಬಸ್ಸು ಇಳಿದು ಹತ್ತು ಹದಿನೈದು ನಿಮಿಷ ನಡೆದರೆ 18 ಮೀಟರ್ ಎತ್ತರದ ಕಲ್ಲುಕಂಬಗಳ ಗೋಡೆ ಎದುರಾಗುತ್ತದೆ. ಕಣಿವೆಯಲ್ಲಿ ಮಡುಗಟ್ಟಿದ ಲಾವಾ ನಿಧಾನವಾಗಿ ಆರುತ್ತ, ಕುಗ್ಗುತ್ತ, ಬಿರುಕುಬಿಟ್ಟು ಕಂಬಗಳಾಗಿ ಒಡೆಯಿತು. ಅವುಗಳಲ್ಲಿ ಅನೇಕ ಆರು ಮೂಲೆಯವು. ಆಮೇಲೆ ಹಿಮನದಿ ಮೇಲಿಂದ ಉಜ್ಜಿಕೊಂಡು ಹೋಯಿತು. ಗೋಡೆಯ ನೆತ್ತಿ ಹತ್ತಿದರೆ ಕಂಬಗಳ ತಲೆಗಳೇ ನುಣುಪಾಗಿ, ಟೈಲ್ಸ್ ಹಾಸಿದ ಪಡಸಾಲೆಯಂತೆ ಕಾಣುತ್ತವೆ. ಉಡುಪಿ ಕಡೆಯವರಿಗೆ ಇದು ನೋಡಿದ ಮುಖ. ಮಲ್ಪೆಯಿಂದ ದೋಣಿ ಹತ್ತಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಕಡೆದದ್ದೂ ಇದೇ ಶಿಲ್ಪಿ: ಆರುವ ಲಾವಾ. ವಯಸ್ಸು ಮಾತ್ರ ಬೇರೆ. ಪೋಸ್ಟ್‌ಪೈಲ್‌ಗೆ ಸುಮಾರು 82,000 ವರ್ಷ. ನಮ್ಮ ದ್ವೀಪಕ್ಕೆ ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು. ಒಂದಕ್ಕೊಂದು ಸಾವಿರ ಪಟ್ಟಿನ ಅಂತರ. ಕ್ಯಾಲಿಫೋರ್ನಿಯಾದ ಕಂಬಗಳ ಎದುರು ನಿಂತಾಗ ಮಲ್ಪೆಯ ಕಡಲು ದೊಡ್ಡದಾಗುತ್ತದೆ. ನನಗೆ ಇಡೀ ಪ್ರದೇಶದಲ್ಲಿ ಅತಿ ಪ್ರಿಯವಾದ ಲೆಕ್ಕ ಇದೇ.

ಕ್ಯಾಲ್ಡೆರಾ ತೀರಾ ಹಳೆಯ ಕಥೆಯೂ ಅಲ್ಲ. 1980ರ ಮೇ ಕೊನೆಯ ವಾರದಲ್ಲಿ ಇಲ್ಲಿ 6ರ ಆಸುಪಾಸಿನ ತೀವ್ರತೆಯ ನಾಲ್ಕು ಭೂಕಂಪಗಳಾದವು. ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಬೆಟ್ಟ ಸಿಡಿದು ಆಗಿನ್ನೂ ಒಂದು ವಾರ. ಜನ ಹೆದರಿದ್ದು ಸಹಜ. ಅಳೆದು ನೋಡಿದರೆ ಕ್ಯಾಲ್ಡೆರಾದ ನಡುಭಾಗ 25 ಸೆಂಟಿಮೀಟರಿನಷ್ಟು ಉಬ್ಬಿತ್ತು. ಮುಂದಿನ ದಶಕಗಳಲ್ಲಿ ಆ ಉಬ್ಬು 80 ಸೆಂಟಿಮೀಟರ್ ಹತ್ತಿರಕ್ಕೆ ಬಂತು. ವೈದ್ಯರು ನಾಡಿ ಹಿಡಿದಂತೆ ವಿಜ್ಞಾನಿಗಳು ಅಂದಿನಿಂದ ಇದನ್ನು ಬಿಟ್ಟಿಲ್ಲ. ಕ್ಯಾಲ್‌ಟೆಕ್ ಸಂಸ್ಥೆಯವರು ಫೋನು, ಇಂಟರ್‌ನೆಟ್ಟಿಗೆಂದು ನೆಲದಲ್ಲಿ ಹೂತ ಗಾಜಿನೆಳೆಯ ಕೇಬಲ್ಲನ್ನೇ ಬಳಸಿಕೊಂಡರು. ಸುಮಾರು 100 ಕಿಲೋಮೀಟರ್ ಕೇಬಲ್ಲು 10,000 ಭೂಕಂಪಮಾಪಕಗಳ ಕೆಲಸ ಮಾಡಿತು. ಒಂದೂವರೆ ವರ್ಷದಲ್ಲಿ 2,000ಕ್ಕೂ ಹೆಚ್ಚು ಕಂಪನಗಳು ಸಿಕ್ಕವು. ಅವುಗಳಲ್ಲಿ ಬಹುಪಾಲು ಮನುಷ್ಯರಿಗೆ ಗೊತ್ತಾಗದಷ್ಟು ಸಣ್ಣವು. 2023ರಲ್ಲಿ ಅವರು ಪ್ರಕಟಿಸಿದ ಚಿತ್ರದಲ್ಲಿ, ಆಳದ ಶಿಲಾಪಾಕದ ಮೇಲ್ಭಾಗ ಆರಿ, ಹರಳುಗಟ್ಟಿ ಮುಚ್ಚಳವಾಗಿದೆ. ಆರುವಾಗ ಬಿಡುಗಡೆಯಾಗುವ ಅನಿಲ ಮತ್ತು ದ್ರವಗಳು ಮೇಲೇರುವುದರಿಂದ ನೆಲ ನಡುಗುತ್ತಿದೆಯೇ ಹೊರತು, ಅದು ಮತ್ತೊಂದು ಮಹಾಸ್ಫೋಟದ ಸಿದ್ಧತೆಯಲ್ಲ ಎಂಬುದು ಅವರ ತೀರ್ಮಾನ.